ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಕಬ್ಬಿನ ತರಗಿಗೂ ಪಕ್ಷ ಇದೆಯಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಮರ, ನೀರು, ಹೊಗೆ ಅಂತ ಬಾಯಿ ತೆರೆದರೆ ಸಾಕು, ಜನ ಮೊದಲು "ಇವನು ಯಾವ ಪಕ್ಷದವನು" ಎಂದು ನೋಡುತ್ತಾರೆ, ಏನು ಮಾಡೋಣ ಎಂದು ಕೇಳಿದ್ದಾರೆ. ನಾನು ಮೂವತ್ತೊಂದು ವರ್ಷ ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿಕೊಟ್ಟವನು. ಈಗ ಮೈಸೂರಿನಲ್ಲಿ ಮಗಳ ಮನೆ ಹತ್ತಿರ ಇದ್ದೇನೆ. ಈ ಪ್ರಶ್ನೆ ನನ್ನನ್ನೂ ಬಹಳ ವರ್ಷ ಕಾಡಿದೆ. ಅದಕ್ಕೇ ಮೊದಲ ಪತ್ರಕ್ಕೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ, ನಾಲೆ ನೀರಿನ ಊರು. ಬಿ.ಎಸ್ಸಿ. ಮುಗಿಸಿ ಊರಿಗೇ ಬಂದು ಎರಡೂವರೆ ಎಕರೆ ನೋಡಿಕೊಳ್ಳುತ್ತಿದ್ದೇನೆ. ಕಬ್ಬು ಕಡಿದ ಮೇಲೆ ನಮ್ಮೂರಲ್ಲಿ ಎಲ್ಲರೂ ತರಗಿಗೆ ಬೆಂಕಿ ಇಡುತ್ತಾರೆ. ಹೋದ ವರ್ಷ ನಾವು ಆರು ಜನ ಹುಡುಗರು ಸೇರಿ ಅದನ್ನು ನಿಲ್ಲಿಸಲು ಹೊರಟೆವು. ಕರಪತ್ರ ಹಂಚಿದೆವು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಊರಿನ ವಾಟ್ಸಾಪ್ ಗುಂಪಿಗೆ ವಿಡಿಯೊ ಹಾಕಿದೆವು. ಸುಟ್ಟವರಿಗೆ ದಂಡ ಹಾಕಬೇಕು ಎಂದು ಪಂಚಾಯಿತಿಗೆ ಮನವಿ ಕೊಟ್ಟೆವು. ನಮ್ಮಪ್ಪ ಒಂದು ಪಕ್ಷದಲ್ಲಿ ಓಡಾಡುವವರು. ಕರಪತ್ರಕ್ಕೆ ದುಡ್ಡು ಕೊಟ್ಟಿದ್ದು ಆ ಪಕ್ಷದ ಒಬ್ಬ ಮುಖಂಡರು. ಅದಕ್ಕೆ ಅವರ ಫೋಟೊ ಮೂಲೆಯಲ್ಲಿ ಹಾಕಿದ್ದೆವು. ಮೇಲಿನ ಬೀದಿಯವರು ಇನ್ನೊಂದು ಪಕ್ಷ. ಅವರಲ್ಲೊಬ್ಬರು ಅರಳಿಕಟ್ಟೆ ಹತ್ತಿರ ಎಲ್ಲರ ಎದುರೇ, "ನಿಮ್ಮಪ್ಪನ ಪಾರ್ಟಿಯೋರು ಹೇಳುದ್ರು ಅಂತ ನಾವು ಸುಡ್ದೆ ಬುಟ್ಬುಡ್ಬೇಕಾ?" ಅಂದರು. ಆ ವಾರವೇ ಹಟಕ್ಕೆ ಬಿದ್ದವರಂತೆ ನಾಲ್ಕೈದು ಗದ್ದೆಗೆ ಬೆಂಕಿ ಇಟ್ಟರು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನಮ್ಮ ಮಾವನ ಮಗ ವಾಟ್ಸಾಪಿನಲ್ಲಿ ಎಲ್ಲರಿಗಿಂತ ಜಾಸ್ತಿ ವಾದ ಮಾಡಿದ. ಓದಿದವರೇ ಹೀಗಾದರೆ ಹೇಗೆ? ನಾವು ಎಲ್ಲಿ ತಪ್ಪಿದೆವು?

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ನನ್ನ ಶಿಷ್ಯರ ವಯಸ್ಸಿನವನು ನೀನು, ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ.

ನೀವು ಹೇಳಿದ ವಿಷಯದಲ್ಲಿ ತಪ್ಪಿಲ್ಲ. ಒಂದು ಎಕರೆ ಕಬ್ಬು ಕಡಿದರೆ ಮೂರು ನಾಲ್ಕು ಟನ್ ತರಗು ಉಳಿಯುತ್ತದೆ. ಅದಕ್ಕೆ ಬೆಂಕಿ ಇಟ್ಟರೆ ಅದರಲ್ಲಿರುವ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಮೇಲ್ಮಣ್ಣಿನ ಜೀವಿಗಳು ಸಾಯುತ್ತವೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಹೋಗಿ ಕೇಳಿದರೂ ಇದನ್ನೇ ಹೇಳುತ್ತಾರೆ. ತಪ್ಪಿದ್ದು ಕರಪತ್ರದ ಮೂಲೆಯ ಆ ಫೋಟೊದಲ್ಲಿ.

ಆ ಫೋಟೊ ನೋಡಿದ ಕೂಡಲೇ ಮೇಲಿನ ಬೀದಿಯವರಿಗೆ ಪ್ರಶ್ನೆಯೇ ಬದಲಾಯಿತು. ತರಗು ಸುಡಬೇಕಾ ಬೇಡವಾ ಎಂಬುದು ಹೋಯಿತು. ನೀನು ಯಾರ ಕಡೆ ಎಂಬುದು ಬಂತು. ಈ ಎರಡನೆಯ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಯೋಚಿಸಿ ಉತ್ತರ ಹೇಳುವವರು ಯಾರೂ ಇಲ್ಲ, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಕಾನೂನಿನಲ್ಲೇ ಇಲ್ಲ. ಆದರೂ ಯಾವ ಮನೆ ಯಾವ ಪಕ್ಷ ಎಂಬುದು ಹತ್ತು ವರ್ಷದ ಮಗುವಿಗೂ ಗೊತ್ತಿರುತ್ತದೆ ಅಲ್ವಾ?

ಇದನ್ನು ದಡ್ಡತನ ಅಂದುಕೊಳ್ಳಬೇಡ. ಹಳ್ಳಿಯಲ್ಲಿ ಪಕ್ಷ ಅಂದರೆ ಬರೀ ಓಟಲ್ಲ. ರಾತ್ರಿ ಹನ್ನೆರಡಕ್ಕೆ ಮಗುವಿಗೆ ಜ್ವರ ಏರಿದರೆ ಕಾರು ಕೊಡುವವರು ಯಾರು? ಸೊಸೈಟಿ ಸಾಲಕ್ಕೆ ಜಾಮೀನು ಹಾಕುವವರು ಯಾರು? ಮದುವೆಗೆ ಮೂರು ದಿನ ಮುಂಚೆಯೇ ಬಂದು ಚಪ್ಪರ ಹಾಕುವವರು ಯಾರು? ಇದೆಲ್ಲ ಸೇರಿ ಪಕ್ಷ. ತರಗು ಸುಡದೆ ಬಿಟ್ಟರೆ ರೈತನಿಗೆ ಲಾಭ ನಿಧಾನವಾಗಿ, ಎರಡು ಮೂರು ಬೆಳೆ ದಾಟಿದ ಮೇಲೆ ಕಾಣುತ್ತದೆ. ಆದರೆ "ಆ ಕಡೆಯವರ ಮಾತು ಕೇಳಿದ" ಅನ್ನಿಸಿಕೊಂಡರೆ ನಷ್ಟ ಅವತ್ತೇ ಸಾಯಂಕಾಲ, ಅರಳಿಕಟ್ಟೆಯಲ್ಲಿ. ಅವನ ಜಾಗದಲ್ಲಿ ನಿಂತು ನೋಡಿದರೆ ಅವನು ಲೆಕ್ಕ ತಪ್ಪಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಎಂದೂ ತಿಳಿಯಬೇಡ. ಜೆಫ್ರಿ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಕಾಲೇಜು ಹುಡುಗರ ಮೇಲೆ ಕೆಲವು ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಬಡವರಿಗೆ ಸರ್ಕಾರ ಕೊಡುವ ನೆರವಿನ ಯೋಜನೆಗಳನ್ನು ಅವರ ಮುಂದೆ ಇಟ್ಟರು. ಒಂದು ಧಾರಾಳದ ಯೋಜನೆ, ಇನ್ನೊಂದು ಬಿಗಿ ಯೋಜನೆ. ಯಾವ ಪಕ್ಷ ಏನು ಹೇಳಿದೆ ಎಂದು ತಿಳಿಸದೆ ಕೊಟ್ಟಾಗ ಹುಡುಗರು ತಮ್ಮ ನಂಬಿಕೆಯಂತೆ ಆರಿಸಿದರು. "ನಿಮ್ಮ ಪಕ್ಷ ಇದನ್ನು ಒಪ್ಪಿದೆ" ಎಂದು ಹೇಳಿ ಕೊಟ್ಟಾಗ ಯೋಜನೆಯೊಳಗೆ ಏನಿದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಪಕ್ಷ ಒಪ್ಪಿದ್ದನ್ನು ಒಪ್ಪಿದರು. ನನಗೆ ಮನಸ್ಸಿಗೆ ನಾಟಿದ್ದು ಇದರ ಮುಂದಿನ ಮಾತು. ಯಾಕೆ ಹೀಗೆ ತೀರ್ಮಾನಿಸಿದಿರಿ ಎಂದು ಕೇಳಿದರೆ, "ನಾವು ಯೋಜನೆ ನೋಡಿಯೇ ಹೇಳಿದ್ದು, ಪಕ್ಷ ನೋಡುವವರು ಬೇರೆಯವರು" ಎಂದರಂತೆ. ಅವರು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದರು.

ಇನ್ನು ನಿನ್ನ ಮಾವನ ಮಗ. ಓದು ಹೆಚ್ಚಿದರೆ ಜಗಳ ಕಡಿಮೆಯಾಗುತ್ತದೆ ಎಂದು ನಾನೂ ಮೂವತ್ತು ವರ್ಷ ನಂಬಿದ್ದೆ. ಆ ನಂಬಿಕೆಯಿಂದಲೇ ಪಾಠ ಮಾಡಿದ್ದು. ಯೇಲ್ ವಿಶ್ವವಿದ್ಯಾಲಯದ ಡಾನ್ ಕಹಾನ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸುಮಾರು 1,500 ಅಮೆರಿಕನ್ನರಿಗೆ ವಿಜ್ಞಾನದ ಪ್ರಶ್ನೆ, ಲೆಕ್ಕದ ಪ್ರಶ್ನೆ ಕೊಟ್ಟು, ಹವಾಮಾನ ಬದಲಾವಣೆ ಎಷ್ಟು ಅಪಾಯ ಎಂದೂ ಕೇಳಿದ್ದರು. ವಿಜ್ಞಾನ ಚೆನ್ನಾಗಿ ಬಲ್ಲವರು ಒಂದೇ ಅಭಿಪ್ರಾಯಕ್ಕೆ ಬರಬೇಕಿತ್ತು. ಆದದ್ದು ಅದಲ್ಲ. ಜಾಸ್ತಿ ಬಲ್ಲವರಲ್ಲೇ ಬೇರೆ ಬೇರೆ ಒಲವಿನವರ ನಡುವೆ ಬಿರುಕು ಜಾಸ್ತಿ ಇತ್ತು. ಬುದ್ಧಿ ಚುರುಕಿದ್ದಷ್ಟೂ ತನ್ನ ಕಡೆಯನ್ನು ಕಾಯುವ ಕೆಲಸಕ್ಕೆ ಆ ಬುದ್ಧಿ ಚೆನ್ನಾಗಿ ಬಳಕೆಯಾಗುತ್ತದೆ. ನಿನ್ನ ಮಾವನ ಮಗ ಇಂಜಿನಿಯರ್, ಅಂಕಿ ಅಂಶ ಹುಡುಕುವುದು ಅವನಿಗೆ ಸುಲಭ. ಅವನ ಜೊತೆ ವಾಟ್ಸಾಪಿನಲ್ಲಿ ವಾದಕ್ಕೆ ಇಳಿಯಬೇಡ. ನೀನು ಒಂದು ವಿಡಿಯೊ ಹಾಕಿದರೆ ಅವನು ಮೂರು ಹಾಕುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಗದ್ದೆ ಬದುವಿನ ಮೇಲೆ ಕರೆದುಕೊಂಡು ಹೋಗು.

ದಂಡದ ಮನವಿಯೂ ಕೆಲಸ ಕೆಡಿಸಿದೆ. ಟ್ರಾಯ್ ಕ್ಯಾಂಪ್‌ಬೆಲ್, ಆರನ್ ಕೇ ಎಂಬಿಬ್ಬರು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ನೋಡಿದ್ದಾರೆ. 2014ರಲ್ಲಿ ಬಂದ ಅಧ್ಯಯನ. ಭೂಮಿಯ ತಾಪ ಏರುತ್ತದೆ ಎಂಬ ವಿಜ್ಞಾನಿಗಳ ಮಾತನ್ನು ಅಮೆರಿಕದ ರಿಪಬ್ಲಿಕನ್ ಪಕ್ಷದವರಿಗೆ, ಅಂದರೆ ಸರ್ಕಾರದ ಕಟ್ಟಳೆ ಅಷ್ಟಾಗಿ ಒಪ್ಪದವರಿಗೆ, ಕೊಟ್ಟರು. ಪರಿಹಾರ ಎಂದರೆ ತೆರಿಗೆ ಮತ್ತು ಸರ್ಕಾರದ ಕಟ್ಟಳೆ ಎಂದು ಓದಿದವರಲ್ಲಿ ಶೇ 22ರಷ್ಟು ಮಂದಿ ಮಾತ್ರ ಒಪ್ಪಿದರು. ಪರಿಹಾರ ಎಂದರೆ ಹೊಸ ತಂತ್ರಜ್ಞಾನ, ಮುಕ್ತ ಮಾರುಕಟ್ಟೆ ಎಂದು ಓದಿದವರಲ್ಲಿ ಶೇ 55ರಷ್ಟು ಒಪ್ಪಿದರು. ತಾಪದ ವಿಷಯ ಇಬ್ಬರಿಗೂ ಒಂದೇ. ಮದ್ದು ಕಹಿ ಎಂದು ಗೊತ್ತಾದ ಮೇಲೆ ರೋಗವೇ ಇಲ್ಲ ಎನ್ನುವುದು ಮನುಷ್ಯನ ಸ್ವಭಾವ. ದಂಡ ಎಂದ ಕೂಡಲೇ ನಿಮ್ಮೂರಿನವರು ಹೊಗೆಯಿಂದ ಏನೂ ಆಗಲ್ಲ ಅಂದಿರಬೇಕು, ಹೌದಲ್ವಾ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಒಂದು ಶಾಲೆಯಲ್ಲಿದ್ದಾಗ ಊರ ಕೆರೆಯ ಹೂಳು ತೆಗೆಸಲು ಮಕ್ಕಳನ್ನು ಕಟ್ಟಿಕೊಂಡು ಹೊರಟಿದ್ದೆ. ಮೊದಲ ವರ್ಷ ದೊಡ್ಡ ಮನುಷ್ಯರೊಬ್ಬರನ್ನು ಕರೆದು, ಬ್ಯಾನರ್ ಕಟ್ಟಿ, ಗುದ್ದಲಿ ಪೂಜೆ ಮಾಡಿಸಿದೆ. ಅರ್ಧ ಊರು ಬಂತು. ಇನ್ನರ್ಧ ಊರು ಏರಿ ಮೇಲೆ ನಿಂತು ನೋಡಿ ಹೋಯಿತು. ಮಾರನೆಯ ವರ್ಷ ಕೆಲಸ ಶುರುವಾಗುವ ಹೊತ್ತಿಗೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದುಬಿಟ್ಟಿತು. ಯಾರನ್ನೂ ಕರೆಯುವಂತಿಲ್ಲ, ಬ್ಯಾನರ್ ಕಟ್ಟುವಂತಿಲ್ಲ. ಯಾರೂ ಬರುವುದಿಲ್ಲ ಎಂದು ನಾನು ಬೇಸರದಲ್ಲೇ ಹೋದೆ. ಬೆಳಿಗ್ಗೆ ಏಳಕ್ಕೆ ಹೋದರೆ ಎರಡೂ ಬೀದಿಯವರು ಎತ್ತಿನ ಗಾಡಿ, ಟ್ರ್ಯಾಕ್ಟರ್ ಹೊಡೆದುಕೊಂಡು ಬಂದಿದ್ದರು. ಹೂಳು ಗದ್ದೆಗೆ ಗೊಬ್ಬರ, ಎಲ್ಲರಿಗೂ ಬೇಕಿತ್ತು. ಮೊದಲ ವರ್ಷವೂ ಬೇಕಿತ್ತು. ತಡೆದಿದ್ದು ಬ್ಯಾನರ್. ಅವತ್ತು ಕೆರೆ ಅಂಗಳದಲ್ಲಿ ನಿಂತು ನನಗೆ ಕಣ್ಣು ತುಂಬಿ ಬಂದಿತ್ತು.

ಈ ಸಲ ನೀನು ಏನು ಮಾಡಬಹುದು? ಮೊದಲು ಕೇಳಿಸಿಕೋ. ಯಾಕೆ ಸುಡುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳು. ಆಳಿನ ಕೂಲಿ ಜಾಸ್ತಿ ಎನ್ನುತ್ತಾರೆ. ತರಗಿದ್ದರೆ ಇಲಿ, ಹಾವು ಎನ್ನುತ್ತಾರೆ. ಕೂಳೆಗೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ, ನೀರು ಹಾಯಿಸಲು ಅಡ್ಡ ಎನ್ನುತ್ತಾರೆ. ಇವೆಲ್ಲ ನಿಜವಾದ ಕಷ್ಟಗಳು, ಇವಕ್ಕೆ ಯಾವ ಪಕ್ಷವೂ ಇಲ್ಲ. ತರಗನ್ನು ಸಾಲು ಬಿಟ್ಟು ಸಾಲಿಗೆ ಹಾಸಿದರೆ ನೀರಿಗೆ ದಾರಿ ಸಿಗುತ್ತದೆ. ತರಗು ಪುಡಿ ಮಾಡುವ ಯಂತ್ರ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯಾ ವಿಚಾರಿಸು.

ಆಮೇಲೆ ಭೂಮಿ ಬಿಸಿಯಾಗುವ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡು. ನೀರಿನ ಮಾತು ಆಡು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುವುದು ನಿನಗೆ ಗೊತ್ತು. 2023ರಲ್ಲಿ ಮುಂಗಾರು ಕೈಕೊಟ್ಟಾಗ ಒಂದು ಕಟ್ಟು ನೀರಿಗೆ ಎಷ್ಟು ಬಾಯಿ ಬಿಟ್ಟೆವು ಎಂಬುದು ಎರಡೂ ಬೀದಿಯವರಿಗೂ ನೆನಪಿದೆ. ತರಗು ಹೊದಿಸಿದ ನೆಲ ಬೇಗ ಒಣಗುವುದಿಲ್ಲ. "ಒಂದು ಕಟ್ಟು ತಡವಾದರೂ ಕೂಳೆ ತಡ್ಕೊಳ್ತದೆ" ಎಂಬ ಮಾತು ಯಾವ ಪಕ್ಷದ ಕಿವಿಗೂ ಸೇರುತ್ತದೆ. ಕಾವೇರಿ ವಿಷಯ ಬಂದರೆ ಮಂಡ್ಯದ ಸಂಜಯ ವೃತ್ತದಲ್ಲಿ ಎಲ್ಲ ಪಕ್ಷದವರೂ ರಸ್ತೆ ಮೇಲೆ ಒಟ್ಟಿಗೆ ಕೂರುವುದನ್ನು ನೀನೇ ನೋಡಿದ್ದೀಯ. ನಮ್ಮವರಿಗೆ ಪಕ್ಷಕ್ಕಿಂತ ಹಳೆಯ ಗುರುತು ಅದು, ನಾಲೆ ನೀರಿನವರು ಎಂಬ ಗುರುತು.

ಇನ್ನೊಂದು ಮಾತು, ಇದು ಕಷ್ಟದ್ದು. ಮೊದಲು ತರಗು ಹಾಸುವ ಗದ್ದೆ ನಿನ್ನದಾಗದಿರಲಿ. ಮೇಲಿನ ಬೀದಿಯ ಒಬ್ಬರದಾಗಲಿ, ಸಾಧ್ಯವಾದರೆ ಅರಳಿಕಟ್ಟೆಯಲ್ಲಿ ನಿನಗೆ ಎದುರು ಮಾತಾಡಿದವರದೇ ಆಗಲಿ. ಹತ್ತು ಗುಂಟೆ ಸಾಕು. ನೀನು ಹೋಗಿ ಅವರ ಗದ್ದೆಯಲ್ಲಿ ಒಂದು ದಿನ ಮೈ ಬಗ್ಗಿಸಿ ಕೆಲಸ ಮಾಡು. ಬೆಳೆ ಚೆನ್ನಾಗಿ ಬಂದರೆ ಹೇಳುವವರು ಅವರೇ ಆಗಿರುತ್ತಾರೆ, ಅವರ ಬೀದಿ ಅವರ ಮಾತು ಕೇಳುತ್ತದೆ. ನಿನ್ನ ಅಪ್ಪನಿಗೆ ಈ ಕೆಲಸದಿಂದ ಒಂದು ವರ್ಷ ದೂರ ಇರಲು ಕೇಳಿಕೋ. ಅವರಿಗೆ ನೋವಾಗಬಹುದು. ಮಗನ ಕೆಲಸ ಗೆಲ್ಲಲಿ ಎಂದು ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಪ್ರಶ್ನೆ: ನಾನು ಮೈಸೂರು ಸರಸ್ವತಿಪುರಂನ ಗೃಹಿಣಿ. ನಮ್ಮ ಮಹಿಳಾ ಸಂಘದಲ್ಲಿ ಇಪ್ಪತ್ತೆರಡು ಜನ ಇದ್ದೇವೆ. ಒಂದು ಸಭೆಯಲ್ಲಿ ಕರೆಂಟ್ ಸುಮ್ನೆ ಪೋಲು ಮಾಡಬಾರದು, ಗೀಸರ್ ಆಫ್ ಮಾಡಿ ಎಂದೆ. ಕೆಲವರು ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ನೆನೆದು, "ಗೃಹಜ್ಯೋತಿ ಕಂಡ್ರೆ ನಿಮ್ಗೆ ಹೊಟ್ಟೆಯುರಿ" ಅಂದರು. ಮುಂದಿನ ಸಭೆಯಲ್ಲಿ ಮನೆ ಮೇಲೆ ಸೋಲಾರ್ ಹಾಕಿಸುವ ಮಾತೆತ್ತಿದೆ. ಉಳಿದವರು "ಈಗ ಅವರ ಪ್ರಚಾರಕ್ಕೆ ಇಳಿದ್ರಾ" ಅಂದರು. ಎರಡೂ ಕಡೆಯಿಂದ ಬೈಸಿಕೊಂಡೆ. ಮಾತಾಡುವುದನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ತಾಯಿ. ಎರಡೂ ಕಡೆಯಿಂದ ಬೈಸಿಕೊಂಡವರನ್ನು ಮುಂದೆ ಎರಡೂ ಕಡೆಯವರು ನಂಬುವ ಸಾಧ್ಯತೆ ಜಾಸ್ತಿ.

ಅಮೆರಿಕದಲ್ಲಿ ಬಲ್ಬಿನ ಮೇಲೆ ಒಂದು ಪ್ರಯೋಗ ಆಗಿದೆ. ಡೀನಾ ಗ್ರೋಮೆಟ್ ಮತ್ತು ಇಬ್ಬರು ಜೊತೆಗಾರರು 2013ರಲ್ಲಿ ಪ್ರಕಟಿಸಿದ್ದು. ಜನರ ಕೈಗೆ ಸ್ವಲ್ಪ ಹಣ ಕೊಟ್ಟು, ಹಳೆಯ ಬಲ್ಬು ಅಥವಾ ಕರೆಂಟ್ ಉಳಿಸುವ ಸಿಎಫ್ಎಲ್ ಬಲ್ಬು, ಯಾವುದಾದರೂ ಕೊಳ್ಳಿ ಎಂದರು. ಸಿಎಫ್ಎಲ್‌ಗೆ ಬೆಲೆ ಜಾಸ್ತಿ. ಅದರ ಮೇಲೆ "ಪರಿಸರ ಕಾಪಾಡಿ" ಎಂಬ ಚೀಟಿ ಅಂಟಿಸಿದಾಗ ಸಂಪ್ರದಾಯವಾದಿ ಒಲವಿನವರು ಅದನ್ನು ಕೊಳ್ಳುವುದು ಕಡಿಮೆಯಾಯಿತು. ಚೀಟಿ ಇಲ್ಲದಾಗ ಅದೇ ಒಲವಿನವರು ಕೊಳ್ಳುತ್ತಿದ್ದರು. ಅದರಿಂದ ಹಣ ಉಳಿಯುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆ ಚೀಟಿ ಅವರಿಗೆ ಎದುರು ಪಕ್ಷದ ಬಾವುಟದಂತೆ ಕಂಡಿತು.

ನಮ್ಮಲ್ಲಿ ಎಲ್ಇಡಿ ಬಲ್ಬು ಬಂದದ್ದು ನೆನಪಿಸಿಕೊಳ್ಳಿ. 2015ರಲ್ಲಿ ಕೇಂದ್ರದ ಉಜಾಲಾ ಬಂತು. ನಮ್ಮ ರಾಜ್ಯದಲ್ಲಿ ಹೊಸಬೆಳಕು ಎಂಬ ಹೆಸರಿನಲ್ಲಿ ಕೊಟ್ಟರು. ಎರಡು ಹೆಸರು, ಎರಡು ಸರ್ಕಾರ. ಆದರೆ ಮನೆಗೆ ಬಂದ ಮೇಲೆ ಆ 9 ವ್ಯಾಟ್ ಬಲ್ಬಿಗೆ ಯಾರೂ ಪಕ್ಷ ಕೇಳಲಿಲ್ಲ. 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಟ್ಟಿತು, ಬಿಲ್ಲು ಇಳಿಯಿತು, ಅಷ್ಟೇ ಸಾಕಾಯಿತು.

ಹಾಗಾಗಿ ಸಭೆಯಲ್ಲಿ ಭಾಷಣ ಬೇಡ, ಬಿಲ್ಲು ಇಟ್ಟುಕೊಂಡು ಕೂತುಕೊಳ್ಳಿ. ಗೃಹಜ್ಯೋತಿ ಇರುವವರಿಗೆ ಉಳಿತಾಯದ ಮಾತು ಬೇಕೇ ಬೇಕು. ಅವರಿಗೆ ಸಿಗುವುದು ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಅದನ್ನು ದಾಟಿದ ಯುನಿಟ್ಟುಗಳಿಗೆ ದುಡ್ಡು ಕಟ್ಟಬೇಕು. 200 ಯುನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. "ಬೇಸಿಗೆಯಲ್ಲಿ 200 ದಾಟದಂತೆ ಹೇಗೆ ನೋಡಿಕೊಳ್ಳೋಣ" ಎಂದು ಶುರು ಮಾಡಿ. ನೀವು ಅವರ ಯೋಜನೆ ಕಿತ್ತುಕೊಳ್ಳಲು ಬಂದವರಲ್ಲ, ಉಳಿಸಿಕೊಡಲು ಬಂದವರು ಎಂದು ಅರ್ಥವಾಗುತ್ತದೆ. ತಿಂಗಳಿಗೆ 200 ದಾಟುವ ಮನೆಗಳಿಗೆ ಮಾತ್ರ ಸೋಲಾರ್ ಲೆಕ್ಕ ತೋರಿಸಿ. 3 ಕಿಲೋವ್ಯಾಟ್‌ಗೆ ಕೇಂದ್ರದ ಸಹಾಯಧನ 78,000 ರೂಪಾಯಿ ಇದೆ. ಯೋಜನೆಯ ಹೆಸರಿಗಿಂತ ಮೊದಲು ಮೊತ್ತ ಹೇಳಿ.

ಒಂದು ಎಚ್ಚರಿಕೆ. ಯಾರ ಬಿಲ್ಲನ್ನೂ ಎಲ್ಲರ ಮುಂದೆ ಓದಿ ನಾಚಿಕೆ ಪಡಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ "ನಿಮ್ಮ ನೆರೆಯವರಿಗಿಂತ ನೀವು ಎಷ್ಟು ಬಳಸಿದ್ದೀರಿ" ಎಂದು ಮನೆಮನೆಗೆ ಪತ್ರ ಕಳಿಸಿದ್ದರು. ಡೋರಾ ಕೋಸ್ಟಾ, ಮ್ಯಾಥ್ಯೂ ಕಾನ್ ಅದನ್ನು ಅಧ್ಯಯನ ಮಾಡಿ 2013ರಲ್ಲಿ ಬರೆದರು. ಒಂದೇ ಪತ್ರ, ಉದಾರವಾದಿ ಮನೆಗಳಲ್ಲಿ ಬಳಕೆ ಜಾಸ್ತಿ ಇಳಿಯಿತು, ಸಂಪ್ರದಾಯವಾದಿ ಮನೆಗಳಲ್ಲಿ ಕಡಿಮೆ ಇಳಿಯಿತು.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಕೇಳುವವರ ಮನಸ್ಸಿಗೆ ತಕ್ಕ ಹಾಗೆ ಪರಿಸರದ ಮಾತನ್ನು ಬದಲಿಸುವುದು ಒಂದು ಥರ ಮೋಸ ಅಲ್ವಾ ಸರ್?

ಉತ್ತರ: ಒಳ್ಳೆಯ ಪ್ರಶ್ನೆ ಕಣಮ್ಮ. ಇದನ್ನು ಕೇಳಿಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೀಯಾ? ಊರ ನಡುವಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದರು. ಹಕ್ಕಿ ತಜ್ಞರು ಸಂತತಿ, ಆವಾಸ ಎಂದು ಮಾತಾಡುತ್ತಾರೆ. ಊರಿನವರು "ಹೆರಿಗೆಗೆ ತವರಿಗೆ ಬಂದ ಹೆಣ್ಮಕ್ಕಳು" ಎನ್ನುತ್ತಾರೆ. ಎರಡೂ ನಿಜ. ಹಕ್ಕಿ ಒಂದೇ, ಮರ ಒಂದೇ, ಕೊಡಲಿ ಹಾಕಬಾರದು ಎಂಬುದೂ ಒಂದೇ. ಇಲ್ಲಿ ಮೋಸ ಎಲ್ಲಿದೆ? ತವರಿನ ಮಾತು ಆ ಊರಿನ ಬಾಯಿಂದಲೇ ಬಂದದ್ದು, ಯಾರೋ ಹೊರಗಿನವರು ಹೊಲಿದು ತೊಡಿಸಿದ್ದಲ್ಲ. ಅದಕ್ಕೇ ಅದಕ್ಕೆ ಅಷ್ಟು ಬಲ.

ಮ್ಯಾಥ್ಯೂ ಫೈನ್‌ಬರ್ಗ್, ರಾಬ್ ವಿಲ್ಲರ್ ಎಂಬಿಬ್ಬರು 2013ರಲ್ಲಿ ಇದನ್ನು ಪರೀಕ್ಷಿಸಿದರು. ಪರಿಸರದ ಮಾತು ಸಾಮಾನ್ಯವಾಗಿ ಪ್ರಕೃತಿಗೆ ಕೇಡಾಗುತ್ತಿದೆ, ಕಾಪಾಡಿ ಎಂದೇ ಇರುತ್ತದೆ. ಅದನ್ನೇ ಮಡಿ, ಮೈಲಿಗೆ, ಶುದ್ಧ ನೀರು ಎಂಬ ನುಡಿಯಲ್ಲಿ ಹೇಳಿದಾಗ ಅಮೆರಿಕದ ಸಂಪ್ರದಾಯವಾದಿಗಳೂ ಒಲವು ತೋರಿದರು. ಆಮೇಲೆ ಬೇರೆಯವರು ಮಾಡಿದ ಇಂಥ ಪ್ರಯೋಗಗಳಲ್ಲಿ ಎಲ್ಲ ಕಡೆ ಅಷ್ಟೇ ಫಲ ಸಿಕ್ಕಿಲ್ಲ. ಹಾಗಾಗಿ ಇದನ್ನು ಮಂತ್ರ ಎಂದುಕೊಳ್ಳಬೇಡ. ಮಾತು ಬದಲಿಸುವಾಗ ವಿಷಯ ಬದಲಾದರೆ ಅದು ಮೋಸ. ತರಗು ಹಾಸಿದರೆ ಇಳುವರಿ ಎರಡರಷ್ಟಾಗುತ್ತದೆ ಎಂದರೆ ಮೋಸ. ನೆಲದಲ್ಲಿ ತೇವ ಉಳಿಯುತ್ತದೆ ಎಂದರೆ ನಿಜ. ನೀನು ಹೇಳಿದ್ದನ್ನು ಎರಡೂ ಬೀದಿಯವರನ್ನು ಒಟ್ಟಿಗೆ ಕೂರಿಸಿ ಹೇಳಬಲ್ಲೆಯಾ ಎಂದು ಕೇಳಿಕೋ. ಆಗಲ್ಲ ಅನ್ನಿಸಿದರೆ ಆ ಮಾತು ಆಡಬೇಡ.

ಗುರುತು ಅಂದರೆ ಪಕ್ಷ ಮಾತ್ರ ಅಲ್ಲ ಎಂಬುದೂ ನೆನಪಿರಲಿ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡಾಟ ನಿಲ್ಲಿಸಿ 2009ರಿಂದ ಇಷ್ಟು ವರ್ಷವಾಯಿತು. ನಮ್ಮ ಕಡೆ ಪರಿಸರದವರು ಅದನ್ನು ಉಳಿಸಿಕೊಳ್ಳಲು ಹೋರಾಡುತ್ತಾರೆ. ಗುಂಡ್ಲುಪೇಟೆ ದಾಟಿ ಕೇರಳದ ವಯನಾಡಿಗೆ ಇಳಿದರೆ ಪಕ್ಷಭೇದವಿಲ್ಲದೆ ತೆಗೆಯಿರಿ ಎನ್ನುತ್ತಾರೆ. 2019ರಲ್ಲಿ ಅಲ್ಲಿ ಉಪವಾಸವನ್ನೂ ಕೂತರು. ಆನೆ, ಹುಲಿ ಎರಡೂ ಕಡೆ ಒಂದೇ. ನಮ್ಮವರೇ ರಾತ್ರಿ ಆ ದಾರಿಯಲ್ಲಿ ಊರಿಗೆ ಹೋಗಬೇಕಾಗಿದ್ದಿದ್ದರೆ ನಾವು ಏನು ಹೇಳುತ್ತಿದ್ದೆವು? ಕಾಡಿಗೆ ರಾತ್ರಿಯ ನಿದ್ದೆ ಬೇಕು ಎಂದು ಗಟ್ಟಿಯಾಗಿ ನಂಬಿದವನು ನಾನು. ಆದರೂ ಈ ಪ್ರಶ್ನೆ ಕೇಳಿಕೊಂಡ ಮೇಲೆ ವಯನಾಡಿನವರನ್ನು ಕಾಡಿನ ಶತ್ರುಗಳು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, ಪರಿಸರದ ಬಗ್ಗೆ ಇಷ್ಟೆಲ್ಲ ಬರೆಯುತ್ತೀರಿ. ನೀವು ಯಾವ ಪಕ್ಷ ಅಂತ ಹೇಳಿಬಿಡಿ. (ಮಂಡ್ಯದಿಂದ ಒಬ್ಬ ಓದುಗರು)

ಉತ್ತರ: ನನ್ನ ಓಟು ನನ್ನ ಹತ್ತಿರ ಇರಲಿ. ಆದರೆ ನಾನು ಎಲ್ಲಿಂದ ಬಂದವನು ಎಂದು ಹೇಳುವುದು ನ್ಯಾಯ.

1938ರಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಡೆಸಿದ ಧ್ವಜ ಸತ್ಯಾಗ್ರಹ ನೋಡಲು ನಮ್ಮ ತಾತ ಹತ್ತು ಮೈಲಿ ನಡೆದು ಹೋಗಿದ್ದರು. ಅಲ್ಲಿಂದ ನಮ್ಮ ಮನೆಗೆ ಒಂದು ಪಕ್ಷ ಅಂಟಿಕೊಂಡಿತು. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ನಮ್ಮಪ್ಪ ಒಂದು ಕಡೆ, ಚಿಕ್ಕಪ್ಪ ಇನ್ನೊಂದು ಕಡೆ. ಒಂದೇ ಗೋಡೆಯ ಎರಡು ಮನೆ. ಆರು ವರ್ಷ ಅವರು ಒಬ್ಬರ ಮನೆಯ ಕಾಫಿ ಇನ್ನೊಬ್ಬರು ಕುಡಿಯಲಿಲ್ಲ. ಇಂಥ ಮನೆಯಲ್ಲಿ ಬೆಳೆದವನಿಗೆ ಪಕ್ಷ ಇಲ್ಲ ಎಂದರೆ ನೀವು ನಂಬಬೇಡಿ.

ಅದು ನನ್ನಿಂದ ಏನು ಮಾಡಿಸಿತು ಎಂದೂ ಹೇಳಬೇಕು. 2021ರಲ್ಲಿ ಕೆಆರ್‌ಎಸ್ ಸುತ್ತಲಿನ ಕಲ್ಲು ಗಣಿಗಳಿಂದ ಅಣೆಕಟ್ಟೆಗೆ ಅಪಾಯ ಎಂಬ ಮಾತು ಎದ್ದಿತ್ತು. ಜಿಲ್ಲೆಯ ದೊಡ್ಡವರ ನಡುವೆ ಜೋರು ಜಗಳವೇ ಆಯಿತು. ಅಣೆಕಟ್ಟೆ ಭದ್ರವಾಗಿದೆ ಎಂದು ಅಧಿಕಾರಿಗಳು ಹೇಳಿದರು. ಆ ಜಗಳದಲ್ಲಿ ನಾನು ಯಾರ ಕಡೆಗಿದ್ದೆನೋ ಅವರ ಮಾತನ್ನೇ ಮಂಡ್ಯದ ಒಂದು ಹೋಟೆಲಿನಲ್ಲಿ ಗೆಳೆಯರ ಮುಂದೆ ಹೇಳಿದೆ. ಗಣಿ ಎಷ್ಟು ದೂರ, ಎಷ್ಟು ಮದ್ದು ಇಟ್ಟು ಸಿಡಿಸುತ್ತಾರೆ, ಅದುರು ನೆಲದಲ್ಲಿ ಎಲ್ಲಿಯವರೆಗೆ ಹೋಗುತ್ತದೆ, ಒಂದನ್ನೂ ಕೇಳಲಿಲ್ಲ. ಅಲೆಗಳ ಪಾಠವನ್ನು ಮೂವತ್ತೊಂದು ವರ್ಷ ಮಕ್ಕಳಿಗೆ ಮಾಡಿದವನು ನಾನು. ಯಾರು ಹೇಳಿದರು ಎಂದಷ್ಟೇ ನೋಡಿದೆ.

2024ರ ಜನವರಿಯಲ್ಲಿ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸುವಂತೆ ಹೈಕೋರ್ಟ್ ಆದೇಶ ಕೊಟ್ಟಿತು. ಅದಾದ ಮೇಲೆ ಒಂದು ದಿನ ಶಿಷ್ಯನೊಬ್ಬನ ಮನೆ ಗೃಹಪ್ರವೇಶಕ್ಕೆ ಪಾಂಡವಪುರದ ಕಡೆ ಹೋಗಿದ್ದೆ. ಅವನ ಅಜ್ಜಿ ಅಡುಗೆ ಮನೆಗೆ ಕರೆದುಕೊಂಡು ಹೋಗಿ ಗೂಡಿನ ಅಂಚಿಗೆ ಹೊಡೆದಿದ್ದ ಒಂದು ಮರದ ಪಟ್ಟಿ ತೋರಿಸಿದರು. ಬಂಡೆ ಸಿಡಿಸುವಾಗ ಪಾತ್ರೆ ಉರುಳಿ ಬೀಳದಿರಲಿ ಎಂದು ಗಂಡ ಹೊಡೆದಿದ್ದಂತೆ, ಅವರು ಇದ್ದ ಕಾಲದಲ್ಲೇ. "ಈಗ ಬೇಕಾಗಿಲ್ಲ, ಆದ್ರೂ ಇರ್ಲಿ ಅಂತ ಬುಟ್ಟಿವ್ನಿ" ಅಂದರು. ಆ ಹೋಟೆಲಿನಿಂದ ಆ ಅಡುಗೆ ಮನೆಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಮೂರು ವರ್ಷ ಮೊದಲೇ ನಾನು ಹೋಗಿ ಕೇಳಬಹುದಿತ್ತು.